ಬೈಕಿನ ಹಿಂದೆ ಕೂರುವ ದೂರದರ್ಶಕ

ಬಸದಿಹಳ್ಳಿಯ ಪಾರ್ಶ್ವನಾಥ ಬಸದಿಗೆ ಹೋದವರು ಕಂಬದ ಮುಂದೆ ನಿಂತು ಮುಖ ನೋಡಿಕೊಳ್ಳದೆ ಬರುವುದಿಲ್ಲ. 1133ರಲ್ಲಿ ಗಂಗರಾಜನ ಮಗ ಬೊಪ್ಪದೇವ ಕಟ್ಟಿಸಿದ್ದು. ಬಳಪದ ಕಲ್ಲನ್ನು ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದಾರೆ. ಕಂಬ ಉಬ್ಬಿರುವುದರಿಂದ ಮುಖ ಸೊಟ್ಟಗೆ ಕಾಣುತ್ತದೆ. ಅದೇ ಹೊಳಪು ತಗ್ಗಾಗಿದ್ದರೆ ಬೆಳಕು ಒಂದೆಡೆ ಕೂಡುತ್ತಿತ್ತು. ಕನ್ನಡಿ ದೂರದರ್ಶಕದ ಗುಟ್ಟು ಅಷ್ಟೇ.

ಹಾಗಂತ ಹೊಯ್ಸಳರ ಬಳಿ ದೂರದರ್ಶಕ ಇತ್ತು ಎನ್ನುವ ವಿಡಿಯೋಗಳನ್ನು ನಂಬಬೇಡಿ. ಕನ್ನಡಿಯಿಂದ ಅದನ್ನು ಮೊದಲು ಮಾಡಿ ತೋರಿಸಿದವನು ನ್ಯೂಟನ್, 1668ರಲ್ಲಿ. ಅವನದು ತಾಮ್ರ-ತವರದ ಕನ್ನಡಿ, ಬೇಗ ಮಾಸುತ್ತಿತ್ತು. ದೂರದರ್ಶಕದ ಕನ್ನಡಿಗೆ ಬೆಳ್ಳಿ ಲೇಪಿಸಿದ ಗಾಜು ಬಂದದ್ದು 1850ರ ದಶಕದಲ್ಲಿ. ಆಮೇಲೆ ಇದು ಮನೆಯಲ್ಲೂ ಮಾಡಬಹುದಾದ ಕೆಲಸವಾಯಿತು.

ಎರಡು ದುಂಡು ಗಾಜು, ನಡುವೆ ನೀರು ಮತ್ತು ಕಾರ್ಬೊರಂಡಂ ಪುಡಿ. ಮೇಲಿನದನ್ನು ಹಿಂದೆ ಮುಂದೆ ಉಜ್ಜುತ್ತ, ಆಗಾಗ ತಿರುಗಿಸುತ್ತ ಹೋದರೆ ಮೇಲಿನ ಗಾಜು ತಾನಾಗೇ ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ಆರು ಇಂಚಿನ ಕನ್ನಡಿಗೆ, ನಾಲ್ಕಡಿ ಕೊಳವೆಗಾದರೆ, ಬೇಕಾದ ತಗ್ಗು ನಡುವಿನಲ್ಲಿ ಸುಮಾರು 1.2 ಮಿಲಿಮೀಟರ್. ರಾಗಿ ಕಾಳಿನಷ್ಟೂ ಇಲ್ಲ! ಆದರೆ ಕೊನೆಯ ಹೊಳಪಿನಲ್ಲಿ ಮಿಲಿಮೀಟರಿನ ಏಳು ಸಾವಿರದ ಒಂದು ಭಾಗದಷ್ಟು ತಪ್ಪಿದರೂ ಶನಿಯ ಬಳೆ ಮಸುಕಾಗುತ್ತದೆ. ಕೈಗೆ ತಾಳ್ಮೆ ಬೇಕು.

ಇಂಥ ಕೆಲಸ ನಮ್ಮ ರಾಜ್ಯಕ್ಕೆ ಹೊಸದಲ್ಲ. ತಮಿಳುನಾಡಿನ ಕಾವಲೂರಿನಲ್ಲಿ 1986ರಲ್ಲಿ ಉದ್ಘಾಟನೆಯಾದ ವೇಣು ಬಾಪು ದೂರದರ್ಶಕದ 2.34 ಮೀಟರ್ ಕನ್ನಡಿಯನ್ನು ಉಜ್ಜಿ ಹೊಳಪು ಕೊಟ್ಟದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ. ಕನಸು ಕಂಡ ಬಾಪು ಅದನ್ನು ನೋಡಲಿಲ್ಲ, 1982ರಲ್ಲೇ ತೀರಿಕೊಂಡರು.

ಆದರೆ ಕಾವಲೂರು ನಮ್ಮೂರಿಗೆ ಬರುವುದಿಲ್ಲವಲ್ಲ. ಅದಕ್ಕೇ ನಮಗೆ ಜಾನ್ ಡಾಬ್ಸನ್ ಹೆಚ್ಚು ಹತ್ತಿರ. ಅಮೆರಿಕದ ವೇದಾಂತ ಮಠವೊಂದರಲ್ಲಿ 1944ರಿಂದ 1967ರವರೆಗೆ ಸನ್ಯಾಸಿಯಾಗಿದ್ದವರು. ಹಡಗಿನ ಕಿಟಕಿಯ ಗಾಜು ಉಜ್ಜಿ, ರಟ್ಟಿನ ಕೊಳವೆಗೆ ಹಾಕಿ, ಪ್ಲೈವುಡ್ ಪೆಟ್ಟಿಗೆಯಲ್ಲಿ ಕೂರಿಸಿ, ಸ್ಯಾನ್ ಫ್ರಾನ್ಸಿಸ್ಕೋದ ಬೀದಿಯಲ್ಲಿ ಹೋಗಿಬರುವವರಿಗೆಲ್ಲ ಚಂದ್ರನನ್ನು ತೋರಿಸಿದರು.

ನಾವು ಮೊದಲು ಮಾಡಿದ್ದಕ್ಕೆ ಕಬ್ಬಿಣದ ಸ್ಟ್ಯಾಂಡ್ ಬೆಸೆಸಿದ್ದೆವು. ಎತ್ತಲು ನಾಲ್ವರು ಬೇಕು. ಎರಡೇ ಸಲ ಹೊರಗೆ ಬಂತು, ಈಗ ಅದರ ಮೇಲೆ ಗೋಣಿಚೀಲ ಒಣಗುತ್ತದೆ. ಬೆಂಗಳೂರಲ್ಲಿ ದೂರದರ್ಶಕಗಳಿವೆ, ಕತ್ತಲಿಲ್ಲ, ನಮ್ಮಲ್ಲಿ ಕತ್ತಲಿದೆ. ಈಗ ಎರಡನೆಯದು ತಯಾರಾಗುತ್ತಿದೆ: ರಟ್ಟಿನ ಕೊಳವೆ, ಪ್ಲೈವುಡ್ ಪೆಟ್ಟಿಗೆ, ಕಟ್ಟಲು ಹಳೇ ಟ್ಯೂಬಿನ ರಬ್ಬರು. ಬೈಕಿನ ಹಿಂದೆ ಕೂತವರು ತಬ್ಬಿ ಹಿಡಿದರೆ ಸಾಕು. ಅಮಾವಾಸ್ಯೆ ಹತ್ತಿರ ದ್ವಾರಸಮುದ್ರದ ಏರಿ ಮೇಲೆ ಇಡುತ್ತೇವೆ, ಮೋಡ ಇಲ್ಲದಿದ್ದರೆ.