ಅಕ್ರಿಲಿಕ್ ಚಾಕುಹಿಡಿ

ಅಕ್ರಿಲಿಕ್ ಪ್ಲಾಸ್ಟಿಕ್ಕನ್ನು ಕೊಯ್ದು, ಅರದಿಂದ ತಿದ್ದಿ, ಹೊಳಪು ಬರುವವರೆಗೆ ಉಜ್ಜಿ ಚಾಕುವಿಗೆ ಕೂರಿಸಿದ ಹಿಡಿ. ಅಕ್ರಿಲಿಕ್ ರಾಸಾಯನಿಕವಾಗಿ ಪಾಲಿಮೀಥೈಲ್ ಮೆಥಾಕ್ರಿಲೇಟ್. ಗಾಜಿನಂತೆ ತಿಳಿಯಾದರೂ ತೂಕದಲ್ಲಿ ಗಾಜಿನ ಅರ್ಧದಷ್ಟೇ. ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳ ಕಿಟಕಿಗಳಿಗೆ ಇದು ಹೇರಳವಾಗಿ ಬಳಕೆಯಾದಾಗ, ಕೆಟ್ಟುಬಿದ್ದ ವಿಮಾನಗಳಿಂದ ಕಿತ್ತ ತುಂಡುಗಳಲ್ಲಿ ಸೈನಿಕರು ತಮ್ಮ ಚಾಕುಗಳಿಗೆ ಹಿಡಿ ಮಾಡಿಕೊಂಡರು.

ಮರದ ಹಿಡಿ ಕೂರಿಸುವ ಕ್ರಮ ಬೇರೆ. ಸವಣೂರು, ಶಿಗ್ಗಾವಿ, ಹಾನಗಲ್ ಸೀಮೆಯ ಕೃಷಿ ಉಪಕರಣಗಳ ಹಿಡಿಗೆ ಸಲ್ಲುವುದು ಜಾಲಿಯಂಥ ಗಟ್ಟಿ ಮರ. ಅಲಗಿನ ಹಿಂಬದಿಯ ಮೊನೆಯನ್ನು ಕೆಂಪಗೆ ಕಾಯಿಸಿ ಮರದೊಳಕ್ಕೆ ಇಳಿಸಿದಾಗ ಅದು ತನ್ನ ದಾರಿಯನ್ನು ತಾನೇ ಸುಟ್ಟುಕೊಂಡು ಬಿಗಿಯಾಗಿ ಕೂರುತ್ತದೆ. ಹಿಡಿಯ ಬಾಯಿ ಸೀಳದಂತೆ ಕಬ್ಬಿಣದ ಬಳೆ ತೊಡಿಸಲಾಗುತ್ತದೆ. ಅಕ್ರಿಲಿಕ್ಕಿಗೆ ಈ ಕ್ರಮ ಒಗ್ಗದು. ಸುಮಾರು 105 ಡಿಗ್ರಿ ಸೆಲ್ಸಿಯಸ್‌ ಶಾಖದಲ್ಲೇ ಅದು ಮೆತ್ತಗಾಗುವುದರಿಂದ, ಕೊಯ್ಯುವಾಗಲೂ ತೂತು ಕೊರೆಯುವಾಗಲೂ ಕಾವೇರದಂತೆ ನಿಧಾನವಾಗಿ, ನಡುನಡುವೆ ಬಿಡುವು ಕೊಟ್ಟು ಕೆಲಸ ಮಾಡಬೇಕಾಗುತ್ತದೆ. ಅವಸರಪಟ್ಟರೆ ಪುಡಿ ಉದುರುವ ಬದಲು ಅಂಟಂಟಾದ ಎಳೆಗಳು ಗರಗಸದ ಹಲ್ಲಿಗೆ ಮೆತ್ತಿಕೊಳ್ಳುತ್ತವೆ.

ಅಲಗಿನ ಬಾಲದ, ಅಂದರೆ ಹಿಡಿಯೊಳಗೆ ಸೇರುವ ಭಾಗದ, ಎರಡೂ ಬದಿಗೆ ಒಂದೊಂದು ಅಕ್ರಿಲಿಕ್ ಪಟ್ಟಿಯನ್ನು ಎಪಾಕ್ಸಿ ಅಂಟು ಮತ್ತು ಹಿತ್ತಾಳೆಯ ಮೊಳೆಗಳಿಂದ ಕೂಡಿಸುವುದು ರೂಢಿ. ಬಿಸಿಗೆ ಅಕ್ರಿಲಿಕ್ ಉಕ್ಕಿಗಿಂತ ಐದಾರು ಪಟ್ಟು ಹೆಚ್ಚು ಹಿಗ್ಗುವುದರಿಂದ ತೂತು ಮೊಳೆಗಿಂತ ತುಸು ದೊಡ್ಡದಿರಬೇಕು. ಮೊಳೆಯ ತಲೆಯನ್ನು ಜೋರಾಗಿ ಬಡಿದರೆ ಪಟ್ಟಿ ಸೀಳುತ್ತದೆ. ತಿಳಿ ಅಕ್ರಿಲಿಕ್ಕಿನಲ್ಲಿ ಅಂಟಿನ ಗುಳ್ಳೆಯೂ ಬಾಲದ ತುಕ್ಕೂ ಹೊರಗೆ ಕಾಣುವುದರಿಂದ ಒಳಮೈಗೆ ಬಣ್ಣ ಬಳಿಯುವುದುಂಟು. ಅಲಗಿಗೆ ತಾಗುವ ಮುಂಭಾಗದ ಅಂಚನ್ನು ಅಂಟಿಸುವ ಮೊದಲೇ ಹೊಳಪಿಸಿಕೊಳ್ಳಬೇಕು. ಆಮೇಲೆ ಅಲ್ಲಿ ಕೈಯಾಡಿಸಿದರೆ ಅಲಗಿಗೇ ಗೀರು ಬೀಳುತ್ತದೆ.

ಮರಕ್ಕೆ ಎಣ್ಣೆಯೋ ವಾರ್ನಿಶ್ಶೋ ಮೆರುಗು ಕೊಟ್ಟರೆ, ಅಕ್ರಿಲಿಕ್ಕಿನ ಹೊಳಪು ಮೇಲೆ ಬಳಿದದ್ದಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣದಾಗುವವರೆಗೆ ಗೀರುಗಳನ್ನು ಸವೆಸಿದಾಗ ಆ ಮೈಯಲ್ಲೇ ಮೂಡುವಂಥದ್ದು. 220 ನಂಬರಿನ ಪಾಲಿಶ್ ಪೇಪರಿನಿಂದ ಆರಂಭಿಸಿ 400, 600, 1000 ಎಂದು ನಯವಾದವುಗಳತ್ತ ಸಾಗುವಾಗ, ಪ್ರತಿ ಸಲವೂ ಹಿಂದಿನದಕ್ಕೆ ಅಡ್ಡವಾಗಿ ಉಜ್ಜಿದರೆ ಹಳೆಯ ಗೀರು ಉಳಿದಿದೆಯೋ ಅಳಿದಿದೆಯೋ ತಿಳಿಯುತ್ತದೆ. ಒಂದು ಹಂತ ಹಾರಿಸಿದರೂ ಉಳಿದ ಗೀರು ಕೊನೆಯ ಹೊಳಪಿನಲ್ಲಿ ಎದ್ದು ಕಾಣುತ್ತದೆ. 400ರ ನಂತರ ನೀರು ಹಾಕಿ ಉಜ್ಜುವುದರಿಂದ ಕಾವೂ ಧೂಳೂ ತಗ್ಗುತ್ತವೆ. ಕೊನೆಗೆ ಹತ್ತಿಬಟ್ಟೆಯ ಚಕ್ರಕ್ಕೆ ನಯವಾದ ಪಾಲಿಶ್ ಹಚ್ಚಿ, ಹಿಡಿಯನ್ನು ಒಂದೇ ಕಡೆ ನಿಲ್ಲಿಸದೆ ಹಗುರವಾಗಿ ತಾಗಿಸಬೇಕು. ಈ ಹಂತದಲ್ಲಿ ಅಲಗಿಗೆ ದಪ್ಪ ಟೇಪು ಸುತ್ತಿರುವುದು ಅಗತ್ಯ, ಏಕೆಂದರೆ ಚಕ್ರ ಚಾಕುವನ್ನು ಕೈಯಿಂದ ಕಸಿದು ಎಸೆಯಬಲ್ಲದು.

ಅಕ್ರಿಲಿಕ್ ಹಿಡಿಗೆ ಸ್ಪಿರಿಟ್, ಥಿನ್ನರ್ ತಾಗಿದರೆ ಮೈತುಂಬ ಕೂದಲೆಳೆಯ ಬಿರುಕುಗಳು ಏಳುವುದರಿಂದ ಇದನ್ನು ಸೋಪಿನ ನೀರಿನಲ್ಲೇ ತೊಳೆಯಬೇಕು. ಅಕ್ರಿಲಿಕ್ ಉರಿಯುವ ವಸ್ತುವಾದ್ದರಿಂದ ಒಲೆಯ ಬದಿ ಇಂಥ ಚಾಕು ಇಡುವುದು ಸಲ್ಲದು.