ಹಾಯಿ ನೋಡಿ ಅಂಕಿ ಬರೆದವರು

ಹಡಗಿನವರಿಂದ ಸರಿಯಾದ ಮಾಹಿತಿ ಪಡೆಯುವ ಕಷ್ಟ ಕಂಪ್ಯೂಟರಿಗಿಂತ ಹಳೆಯದು. ಇನ್ನೂರು ವರ್ಷಗಳ ಹಿಂದೆ ಲಾಗ್‌ಬುಕ್ಕಿನಲ್ಲಿ ಗಾಳಿಯನ್ನು ಹೇಗೆ ವರ್ಣಿಸಬೇಕೆಂಬುದು ಬರೆಯುವವನ ಮರ್ಜಿ. ಒಬ್ಬನಿಗೆ ಜೋರು ಗಾಳಿ ಅನಿಸಿದ್ದು ಇನ್ನೊಬ್ಬನಿಗೆ ಸಾಧಾರಣ.

ಬ್ರಿಟಿಷ್ ನೌಕಾಪಡೆಯ ಫ್ರಾನ್ಸಿಸ್ ಬ್ಯೂಫೋರ್ಟ್ 1806ರಲ್ಲಿ ತನ್ನ ದಿನಚರಿಯಲ್ಲಿ ಗಾಳಿಗೆ ಅಂಕಿ ಕೊಡತೊಡಗಿದ. ಮುಂದೆ ಆ ಅಂಕಿಗಳನ್ನು, ಯುದ್ಧನೌಕೆಯೊಂದು ಎಷ್ಟು ಹಾಯಿ ಬಿಚ್ಚಬಲ್ಲದು ಎಂಬುದಕ್ಕೆ ಜೋಡಿಸಿದ. ಸೊನ್ನೆಯೆಂದರೆ ಗಾಳಿಯೇ ಇಲ್ಲ. ಹನ್ನೆರಡೆಂದರೆ ಯಾವ ಹಾಯಿಯೂ ತಾಳದು. ಉಪಕರಣ ಬೇಕಿಲ್ಲ, ನಾವಿಕ ತಲೆಯೆತ್ತಿ ನೋಡಿದರೆ ಸಾಕು. 1838ರಲ್ಲಿ ನೌಕಾಪಡೆ ಇದನ್ನು ಅಧಿಕೃತವಾಗಿ ಒಪ್ಪಿಕೊಂಡಿತು. ಹಾಯಿಹಡಗುಗಳು ಮರೆಯಾದ ಮೇಲೆ ವಿವರಣೆ ಅಲೆ, ನೊರೆಗಳಿಗೆ ಬದಲಾಯಿತು. ಅಂಕಿಗಳು ಹಾಗೇ ಉಳಿದವು.

ಸರಿ, ಬರೆದದ್ದರಿಂದ ನಾವಿಕನಿಗೇನು ಸಿಕ್ಕಿತು? ಈ ಪ್ರಶ್ನೆಗೆ ಒಳ್ಳೆಯ ಉತ್ತರ ಬಂದದ್ದು ನಮ್ಮ ಕೋಲ್ಕತಾದಿಂದ. ಅಲ್ಲಿ ಹೆನ್ರಿ ಪಿಡಿಂಗ್ಟನ್ ಎಂಬಾತ ವರ್ಷಗಟ್ಟಲೆ ಹಡಗುಗಳ ಲಾಗ್‌ಬುಕ್ ಕಲೆಹಾಕಿ, ಬಂಗಾಳ ಕೊಲ್ಲಿಯ ಬಿರುಗಾಳಿಗಳನ್ನು ಅಭ್ಯಾಸ ಮಾಡಿದ. 1845ರಲ್ಲಿ ಮಾರಿಷಸ್ ಸಮೀಪ ಚಾರ್ಲ್ಸ್ ಹೆಡಲ್ ಎಂಬ ಹಡಗು ಬಿರುಗಾಳಿಗೆ ಸಿಕ್ಕಿ, ದಿನಗಟ್ಟಲೆ ಸುತ್ತು ಹಾಕಿತ್ತು. ಅದರ ಲಾಗ್‌ಬುಕ್ ನೋಡಿದ ಪಿಡಿಂಗ್ಟನ್‌ಗೆ ಗಾಳಿ ವೃತ್ತಾಕಾರವಾಗಿ ತಿರುಗುತ್ತದೆ ಎಂಬುದಕ್ಕೆ ಸಾಕ್ಷಿ ಸಿಕ್ಕಿತು. 1848ರ ತನ್ನ ಪುಸ್ತಕದಲ್ಲಿ ಅವನು ‘ಸೈಕ್ಲೋನ್’ ಎಂಬ ಪದ ಕೊಟ್ಟ.

ಪದಕ್ಕಿಂತ ನನಗೆ ಮೆಚ್ಚುಗೆಯಾಗಿರುವುದು ಪುಸ್ತಕದ ಜೊತೆಗಿದ್ದ ಎರಡು ಪಾರದರ್ಶಕ ಕಾರ್ಡುಗಳು. ಭೂಮಧ್ಯರೇಖೆಯ ಉತ್ತರಕ್ಕೆ ಒಂದು, ದಕ್ಷಿಣಕ್ಕೆ ಒಂದು. ನಾವಿಕ ನಕ್ಷೆಯ ಮೇಲೆ ಕಾರ್ಡನ್ನಿಟ್ಟು, ತನಗೆ ಬೀಸುತ್ತಿರುವ ಗಾಳಿಯ ದಿಕ್ಕನ್ನು ಹಡಗಿನ ಜಾಗಕ್ಕೆ ಹೊಂದಿಸಿದರೆ, ಬಿರುಗಾಳಿಯ ಕೇಂದ್ರ ಯಾವ ಕಡೆಗಿದೆ ಎಂದು ತಿಳಿಯುತ್ತಿತ್ತು. ನಾವಿಕರು ಬರೆದ ಸಾಲುಗಳು ಹೀಗೆ ಜೀವ ಉಳಿಸುವ ಸಾಧನವಾಗಿ ಅವರ ಕೈಗೇ ಮರಳಿದವು.

ಮುಂಬಯಿಯಲ್ಲಿ ಹಡಗು ಸಿಬ್ಬಂದಿಗೆಂದು ಆಂತರಿಕ ವೆಬ್ ಆ್ಯಪ್ ರೂಪಿಸುವ ತಂಡ ನನ್ನದು. ಅದರಲ್ಲಿ ನನ್ನ ತಲೆ ತಿನ್ನುವ ಪುಟ ವಿಶ್ರಾಂತಿಯ ದಾಖಲೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಯಾವುದೇ 24 ಗಂಟೆಯಲ್ಲಿ ಕನಿಷ್ಠ 10, ಏಳು ದಿನಗಳಲ್ಲಿ 77 ಗಂಟೆ ವಿಶ್ರಾಂತಿ ಸಿಗಬೇಕು. ಆದರೆ ನಡುರಾತ್ರಿಯಿಂದ ನಾಲ್ಕರವರೆಗೆ ಪಾಳಿ ಮಾಡಿ ಬಂದವನಿಗೆ ಇಪ್ಪತ್ತು ಖಾನೆಗಳ ಫಾರ್ಮು ಕೊಟ್ಟರೆ ಏನಾಗುತ್ತದೆ? ತಿಂಗಳ ಕೊನೆಗೆ ಕೂತು ಎಲ್ಲದಕ್ಕೂ ಒಂದೇ ಅಂಕಿ ತುಂಬುತ್ತಾನೆ. ಕಡತದಲ್ಲಿ ಎಲ್ಲರಿಗೂ ಚೆನ್ನಾಗಿ ನಿದ್ದೆಯಾಗಿರುತ್ತದೆ. ನಿದ್ದೆಗೆಟ್ಟವನು ಹಡಗು ನಡೆಸುತ್ತಿರುತ್ತಾನೆ.

ಹಾಗಾಗಿ ನಮ್ಮ ಪುಟದಲ್ಲಿ ಗಂಟೆ ಟೈಪ್ ಮಾಡಬೇಕಿಲ್ಲ. ಅವನಿಗೆ ಗೊತ್ತಿರುವ ಪಾಳಿಯ ಪಟ್ಟಿಯ ಮೇಲೆ ಬೆರಳು ಎಳೆದರಾಯಿತು. ಇಂಟರ್ನೆಟ್ ಇಲ್ಲದಿದ್ದರೂ ಉಳಿಯುತ್ತದೆ. ವಿಶ್ರಾಂತಿ ಕಡಿಮೆಯಾಗುತ್ತಿದ್ದರೆ ಪಟ್ಟಿ ಕೆಂಪಾಗುತ್ತದೆ. ಆ ಕೆಂಪು ಮೊದಲು ಕಚೇರಿಯ ಡ್ಯಾಶ್‌ಬೋರ್ಡಿನಲ್ಲಿ ಕಾಣಲಿ ಎಂಬುದು ಗ್ರಾಹಕರ ಬೇಡಿಕೆ. ಹಡಗಿನಲ್ಲಿರುವವನಿಗೇ ಮೊದಲು ಕಾಣಲಿ, ಮುಂದಿನ ಪಾಳಿಗೆ ಮುಂಚೆಯೇ ಕಾಣಲಿ ಎಂಬುದು ನನ್ನ ವಾದ. ಚರ್ಚೆ ಇನ್ನೂ ಮುಗಿದಿಲ್ಲ. ಮುಂದಿನ ಸಭೆಗೆ ಪಿಡಿಂಗ್ಟನ್‌ನ ಕಾರ್ಡಿನ ಚಿತ್ರ ತೆಗೆದುಕೊಂಡು ಹೋಗುತ್ತಿದ್ದೇನೆ.