ಟೇಪಿಗೆ ಸಿಕ್ಕದ ಉಸಿರು



ಪೊಲೀಸ್ ಆಯ್ಕೆಗೆ ಹೊರಟ ಯಗಟಿಯ ಹುಡುಗರ ಎದೆಗೆ ನಾನು ಟೇಪು ಸುತ್ತಿ ಅಳೆಯುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಉಸಿರೆಳೆದಾಗ ಎದೆ 5 ಸೆಂ.ಮೀ. ಹಿಗ್ಗಬೇಕೆಂಬುದು ನಿಯಮ. “ಹೊಟ್ಟೆ ಒಳಗೆಳ್ಕೊಳ್ಳೋ, ಎದೆ ಉಬ್ಬಿಸೋ” ಎಂದು ಗದರುತ್ತಿದ್ದೆ. ಅದೇ ಸರಿಯಾದ ಉಸಿರಾಟವೆಂದು ತರಗತಿಯಲ್ಲಿಯೂ ಹೇಳಿದ್ದೆ. ಆ ಪಾಠವನ್ನು ಇಂದು ತಿದ್ದಬೇಕಾಗಿದೆ.

ಶಾಂತವಾಗಿ ಉಸಿರಾಡುವಾಗ ಹೆಚ್ಚಿನ ಕೆಲಸ ವಪೆಯದು. ಅದು ಕೆಳಗಿಳಿದಂತೆ ಹೊಟ್ಟೆ ಮುಂದೆ ಬರುತ್ತದೆ. ಚಾಪೆಯ ಮೇಲೆ ಮಲಗಿದ ಕೂಸನ್ನು ನೋಡಿದ ಯಾವ ತಾಯಿಗೂ ಇದು ತಿಳಿದ ಸಂಗತಿಯೇ. ಆದರೆ ಇದು ಅಳತೆಗೆ ಸಿಗಲು ಬಹುಕಾಲ ಹಿಡಿಯಿತು.

1846ರಲ್ಲಿ ಲಂಡನ್ನಿನ ವೈದ್ಯ ಜಾನ್ ಹಚಿನ್ಸನ್ ತನ್ನ ಸ್ಪೈರೋಮೀಟರಿನಿಂದ ಶ್ವಾಸಕೋಶದ ಗಾಳಿಯನ್ನು ಅಳೆದು ತೋರಿಸಿದನು. ಅದೇ ಶತಮಾನದಲ್ಲಿ ಫ್ರಾನ್ಸಿನ ಮಾರೇ ಎಂಬ ವಿಜ್ಞಾನಿ, ಎದೆಗೆ ಕಟ್ಟಿದ ಸಾಧನದ ಚಲನೆಯನ್ನು ತಿರುಗುವ ಕಾಗದದ ಮೇಲೆ ಗೆರೆಯಾಗಿಸಿದನು. ಮೈಸೂರಿನಲ್ಲಿ ವೈದ್ಯಕೀಯ ಓದಿದ ನನ್ನ ಶಿಷ್ಯನೊಬ್ಬ, ತಾವು ಪ್ರಯೋಗಾಲಯದಲ್ಲಿ ಎದೆಗೆ ಸ್ಟೆಥೋಗ್ರಾಫ್ ಕಟ್ಟಿ, ಮಸಿ ಹಿಡಿಸಿದ ಉರುಳೆಯ ಮೇಲೆ ಉಸಿರಿನ ಗೆರೆ ಪಡೆಯುತ್ತಿದ್ದುದನ್ನು ವರ್ಣಿಸಿದ್ದ. ಅಲ್ಲಿಯೂ ಪಟ್ಟಿ ಎದೆಗೊಂದೇ!

1967ರಲ್ಲಿ ಕೊನ್ನೊ ಮತ್ತು ಮೀಡ್ ಎಂಬ ಸಂಶೋಧಕರು ಎದೆಗೂಡು, ಹೊಟ್ಟೆ ಇವೆರಡರ ಚಲನೆಯನ್ನು ಪ್ರತ್ಯೇಕವಾಗಿ ಅಳೆದು ಕೂಡಿಸಿದರೆ ಒಳಹೋದ ಗಾಳಿಯ ಲೆಕ್ಕ ಸಿಗುತ್ತದೆಂದು ತೋರಿಸಿದರು. 1970ರ ದಶಕದಲ್ಲಿ ತಂತಿಸುರುಳಿ ಹೊಲಿದ ಪಟ್ಟಿಗಳು ಬಂದವು. ಮೈ ಹಿಗ್ಗಿ ಕುಗ್ಗಿದಂತೆ ಸುರುಳಿಯ ವಿದ್ಯುದ್ಗುಣ ಬದಲಾಗುತ್ತದೆ. ಯಂತ್ರ ಅದನ್ನು ಬರೆದುಕೊಳ್ಳುತ್ತದೆ. ನಿದ್ರಾ ಪರೀಕ್ಷೆಗಳಲ್ಲಿ ಇಂದು ಎದೆಗೊಂದು, ಹೊಟ್ಟೆಗೊಂದು ಪಟ್ಟಿ ಕಟ್ಟುವುದು ವಾಡಿಕೆ.

ಅಂಥ ಎರಡು ಪಟ್ಟಿ ಕಟ್ಟಿಕೊಂಡು ನಾನೂ ಬೆಂಗಳೂರಿನಲ್ಲಿ ಒಂದು ರಾತ್ರಿ ಮಲಗಿದೆ. “ಗೊರಕೆಯ ನಡುವೆ ನಿಮ್ಮ ಉಸಿರೇ ನಿಂತುಹೋಗುತ್ತದೆ” ಎಂದು ಮನೆಯಾಕೆ ಅಂಜಿದ್ದಳು. ಬೆಳಿಗ್ಗೆ ವೈದ್ಯರು ಎರಡು ಗೆರೆಗಳನ್ನು ತೋರಿಸಿದರು. ಗಂಟಲು ತೆರೆದಿದ್ದಾಗ ಅವೆರಡೂ ಜೋಡೆತ್ತಿನಂತೆ ಒಟ್ಟಿಗೆ ಏರಿಳಿದಿದ್ದವು. ಗಂಟಲು ಮುಚ್ಚಿದಾಗ ಒಂದು ಏರಿದರೆ ಮತ್ತೊಂದು ಇಳಿದಿತ್ತು. ಮೈ ಗಾಳಿಗಾಗಿ ಹೆಣಗುತ್ತಿದ್ದರೂ ಗಾಳಿ ಒಳಹೋಗುತ್ತಿರಲಿಲ್ಲ. ಈಗ ಮುಖಕ್ಕೆ ಗಾಳಿಯಂತ್ರದ ಮುಖವಾಡ ಹಾಕಿ ಮಲಗುತ್ತೇನೆ. ಆಕೆಯೂ ನಿದ್ದೆ ಮಾಡುತ್ತಾಳೆ.

ಟೇಪು ಹೇಳುವುದು ಎದೆ ಎಷ್ಟು ಹಿಗ್ಗಬಲ್ಲದೆಂಬುದನ್ನು ಮಾತ್ರ. ದಿನನಿತ್ಯದ ಉಸಿರಾಟ ಅದಕ್ಕೆ ಸಿಕ್ಕುವುದಿಲ್ಲ. ಆದ್ದರಿಂದ ನಿಮ್ಮ ಮಕ್ಕಳಿಗೆ ಹೊಟ್ಟೆ ಬಿಗಿಹಿಡಿಯುವುದನ್ನು ಕಲಿಸಬೇಡಿ. ಮನೆಯವರು ಗೊರಕೆಯ ಬಗ್ಗೆ ದೂರಿದರೆ ನನ್ನಂತೆ ವರ್ಷಗಟ್ಟಲೆ ನಕ್ಕು ತಳ್ಳಿಹಾಕಲೂಬೇಡಿ.

— ನಿಮ್ಮ ಮೇಷ್ಟ್ರು